ಗೌರವಕ್ಕೆ ಸೇರಿಸಿದ ವಿಳಾಸ

ನನಗೆ ಅನುಮಾನ ಜಾಸ್ತಿ. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳುವುದು ಸುಲಭ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ವಾಪಸು ಬಂದು ಜಗ್ಗಿ ನೋಡುತ್ತೇನೆ. ಕಂಡಕ್ಟರು ಹರಿದು ಕೊಟ್ಟ ಟಿಕೆಟನ್ನು ಹಿಂದೆ ಮುಂದೆ ತಿರುಗಿಸಿ ಓದುತ್ತೇನೆ. ಚಿಕ್ಕವನಿದ್ದಾಗ ಹಬ್ಬದ ಕಜ್ಜಾಯವನ್ನು ಎಣಿಸಿಟ್ಟು ಮಲಗುತ್ತಿದ್ದೆನಂತೆ. "ಇವನ್ನ ಕಟ್ಕಳೋ ಎಣ್ಗ ದೇವ್ರೇ ಗತಿ" ಎಂದು ಅವ್ವ ನೆಂಟರ ಮುಂದೆಲ್ಲ ಹಂಗಿಸುತ್ತಿದ್ದಳು. ಹಾಗಾಗಿ ತಾಳವಾಡಿಯ ಆಸ್ಪತ್ರೆಯಲ್ಲಿ ಇ-ಮೇಲುಗಳಿಗೆ ಬೀಗ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿಬಿಟ್ಟಿತು.

ಆಸ್ಪತ್ರೆ ಅಂದರೆ ದೊಡ್ಡದೇನಲ್ಲ. ಗಡಿಗೆ ಅಂಟಿಕೊಂಡು ತಮಿಳು ಸೀಮೆಗೆ ಸೇರಿದ ನಮ್ಮ ಬೆಟ್ಟದ ಮೇಲೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ನಾಲ್ಕು ಕೋಣೆಯ ಹೆಂಚಿನ ಕಟ್ಟಡ. ಕೋಯಮುತ್ತೂರಿನಿಂದ ಬಂದು ನೆಲೆನಿಂತ ಡಾಕ್ಟರಮ್ಮ ಒಬ್ಬರು ಅದಕ್ಕೆಲ್ಲ ಯಜಮಾನಿ. ಹಾಸನೂರು, ತಾಳಮಲೆ, ಜೀರಹಳ್ಳಿ, ಈ ಮೂರು ಕಡೆ ಒಂದೊಂದು ಉಪಕೇಂದ್ರ. ಒಂದೊಂದರಲ್ಲಿ ಒಬ್ಬ ಆರೋಗ್ಯ ಕಾರ್ಯಕರ್ತೆ, ಒಂದು ಫೋನು, ಯಾರೋ ದಾನ ಕೊಟ್ಟ ಒಂದು ಹಳೇ ಕಂಪ್ಯೂಟರ್. ಚಾಮರಾಜನಗರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದು, ಅಪ್ಪನ ಬೆಳ್ಳುಳ್ಳಿ ಹೊಲದಲ್ಲಿ ಕೈಕಟ್ಟಿ ನಿಂತಿದ್ದ ನನ್ನನ್ನು ಡಾಕ್ಟರಮ್ಮ ಕರೆದು ಒಂದು ಕುರ್ಚಿ ಕೊಟ್ಟರು. ಬ್ರಾಡ್‌ಬ್ಯಾಂಡು ಬೆಟ್ಟ ಹತ್ತಿ ಬಂದ ಹೊಸತು ಅದು.

ಆಗ ನಮ್ಮ ಕಡೆ ಕ್ಷಯ ಅಂದರೆ ಜನ ರೋಗಕ್ಕಿಂತ ಹೆಸರಿಗೆ ಹೆದರುತ್ತಿದ್ದರು. ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಸರಿ. ಆದರೆ ಅದು ಊರಿಗೆ ಗೊತ್ತಾಯಿತೋ, ಆ ಮನೆಗೆ ಯಾರೂ ಹೆಣ್ಣು ಕೊಡರು, ಆ ಮನೆಯಿಂದ ಹೆಣ್ಣು ತರರು. ಅದಕ್ಕೇ ಡಾಕ್ಟರಮ್ಮನಿಗೆ ಗುಟ್ಟಿನ ಮೇಲೆ ಅಷ್ಟು ನಿಗಾ. ಮೈಸೂರಿನ ಲ್ಯಾಬಿನಿಂದ ಕಫದ ಫಲಿತಾಂಶ ಇ-ಮೇಲಿನಲ್ಲಿ ಬರುತ್ತಿತ್ತು. ಅದನ್ನು ಉಪಕೇಂದ್ರಕ್ಕೆ ಕಳಿಸಿದರೆ ಕಾರ್ಯಕರ್ತೆ ಆ ಮನೆ ಹುಡುಕಿಕೊಂಡು ಹೋಗಿ ಮಾತ್ರೆ ಶುರು ಮಾಡಬೇಕು. ಮೊದಲು ಚೀಟಿ ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದರಂತೆ. ಚೀಟಿ ಜೀರಹಳ್ಳಿ ಮುಟ್ಟುವ ಹೊತ್ತಿಗೆ ಡ್ರೈವರಿನಿಂದ ಹಿಡಿದು ಕಿಟಕಿ ಪಕ್ಕ ಕೂತವರವರೆಗೆ ಎಲ್ಲರೂ ಓದಿ ಮುಗಿಸಿರುತ್ತಿದ್ದರು. "ಇನ್ನು ಮೇಲೆ ನೀನು ಕಳಿಸುವುದನ್ನು ಯಾರು ಓದಬೇಕೋ ಅವರೇ ಓದಬೇಕಪ್ಪಾ, ಬೇರೆ ಯಾರೂ ಕೂಡಾದು" ಎಂದು ಡಾಕ್ಟರಮ್ಮ ತಮ್ಮ ಅರ್ಧ ತಮಿಳಿನಲ್ಲಿ ನನಗೆ ಹೇಳಿದರು.

ನಾನು ಪುಕ್ಕಟೆ ಸಿಗುವ ಒಂದು ಬೀಗದ ತಂತ್ರಾಂಶ ಇಳಿಸಿಕೊಂಡೆ. ಅದರ ಲೆಕ್ಕಾಚಾರ ನನ್ನಂಥವನಿಗೆ ಹೇಳಿ ಮಾಡಿಸಿದಂತಿತ್ತು. ಪ್ರತಿಯೊಬ್ಬರಿಗೂ ಒಂದು ಬೀಗ, ಒಂದು ಕೀ. ಬೀಗಗಳೆಲ್ಲ ನನ್ನ ಹತ್ತಿರ, ಕೀ ಮಾತ್ರ ಅವರವರ ಹತ್ತಿರ. ಒಬ್ಬರ ಬೀಗ ಹಾಕಿ ಕಳಿಸಿದ ಮೇಲೆ ನನಗೇ ಬಿಚ್ಚಲು ಬರುವುದಿಲ್ಲ. ನನ್ನನ್ನೇ ನಂಬಬೇಕಾಗಿಲ್ಲದ ಏರ್ಪಾಡು ಅಂದರೆ ನನಗೆ ಎಷ್ಟು ಖುಷಿಯಾಗಿರಬೇಡ! ಕೀಗೆ ಒಂದು ಗುಟ್ಟಿನ ಮಾತು ಬೇಕು. ಅದನ್ನು ಮೂವರು ಕಾರ್ಯಕರ್ತೆಯರೂ ತಾವೇ ಯೋಚಿಸಿ ಇಟ್ಟುಕೊಂಡರು. ಯಾರಿಗೂ ಹೇಳಬಾರದು, ಹೆತ್ತವ್ವ ಕೇಳಿದರೂ ಹೇಳಬಾರದು ಎಂದು ಅವರಿಗೆ ಅರ್ಧ ಗಂಟೆ ಪಾಠ ಮಾಡಿದೆ.

ಆಮೇಲೆ ಸ್ಕ್ರಿಪ್ಟ್ ಬರೆಯಲು ಕೂತೆ. ಅಂದರೆ, ಯಾವ ಗುಂಪಿಗೆ ಹೋಗುವ ಕಾಗದಕ್ಕೆ ಬೀಗ ಬೇಕು, ಯಾವುದಕ್ಕೆ ಬೇಡ ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಟ್ಟುಬಿಡುವ ನಾಲ್ಕು ಸಾಲಿನ ಅಪ್ಪಣೆ. ಲ್ಯಾಬಿನವರ ಗುಂಪಿಗೆ ಬೀಗ ಬೇಕೇ ಬೇಕು. ದಾನ ಕೊಡುವವರ ಗುಂಪಿಗೆ ಬೀಗ ಬೇಡ. ಅವರಿಗೆ ಹೋಗುವುದರಲ್ಲಿ ರೋಗಿಗಳ ಹೆಸರಿರುವುದಿಲ್ಲ, ಜೊತೆಗೆ ಬೀಗ ಹಾಕಿದರೆ ತೆರೆಯಲಾಗುತ್ತಿಲ್ಲ ಎಂದು ಫೋನು ಮಾಡಿ ಜೀವ ತಿನ್ನುತ್ತಾರೆ. ಹಾಸನೂರು, ತಾಳಮಲೆ, ಜೀರಹಳ್ಳಿ, ಮೂರೂ ಬೇರೆ ಬೇರೆ ಗುಂಪು, ಮೂರಕ್ಕೂ ಬೀಗ. ಸಂಜೆ ಒಂದು ಗುಂಡಿ ಒತ್ತಿದರೆ ಎಲ್ಲ ಅದರಷ್ಟಕ್ಕೆ ಹೊರಡುತ್ತಿತ್ತು. ಡಾಕ್ಟರಮ್ಮ ನನ್ನ ಹಿಂದೆ ನಿಂತು ನೋಡಿ "ಕೆಟ್ಟಿಕಾರ" ಅಂದರು. ಜಾಣ ಅಂತ.

ಎರಡು ತಿಂಗಳಾದ ಮೇಲೆ ದೊಡ್ಡಪ್ಪ ಮನೆಗೆ ಬಂದರು. ಅಪ್ಪನ ದಾಯಾದಿ ಅಣ್ಣ. ಜೀರಹಳ್ಳಿ ಕಡೆ ಅವರದು ದೊಡ್ಡ ಹಿಡುವಳಿ. ಅಲ್ಲಿನ ಉಪಕೇಂದ್ರ ನಡೆಯುತ್ತಿದ್ದುದು ಅವರು ಬಿಟ್ಟುಕೊಟ್ಟ ತೋಟದ ಮನೆಯಲ್ಲಿ. ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅಲ್ಲಾ ಕಣಪ್ಪ, ಮನ ಬುಟ್ಕೊಟ್ಟಿರೋನು ನಾನು. ಅಲ್ಲಿಗ ಏನ್ ಕಾಗ್ದ ಬತ್ತದ, ಏನ್ ಓಯ್ತದ ಅಂತ ನನ್ಗೇ ಗೊತ್ತಿಲ್ಲ ಅಂದ್ರ ಎಂಗ?"

ಅವರಿಗೆ ಇ-ಮೇಲು ಇತ್ತೇ? ಇತ್ತು. ತಾಳವಾಡಿ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಅಳಿಯನ ಬ್ರೌಸಿಂಗ್ ಸೆಂಟರ್ ಇತ್ತಲ್ಲ, ಅವನು ಮಾವನ ಹೆಸರಿನಲ್ಲಿ ಒಂದು ವಿಳಾಸ ಮಾಡಿಕೊಟ್ಟಿದ್ದ. ದೊಡ್ಡಪ್ಪ ಕಂಪ್ಯೂಟರನ್ನು ಕೈಯಲ್ಲಿ ಮುಟ್ಟಿದವರಲ್ಲ. ನಾನು ಹಿಂದೆ ಮುಂದೆ ನೋಡಿದೆ. ಅವರು ಹೋದ ಮೇಲೆ ಅಪ್ಪ ನನ್ನ ಮೇಲೆ ಹರಿಹಾಯ್ದ.

"ನಮ್ಮನ ಮದ್ವ ಕಾಗ್ದದಲ್ಲಿ ಅವ್ರ ಎಸ್ರ ಬುಡಾಕಾಯ್ತದ್ಲಾ? ಇದೂ ಅಂಗೇ. ಸುಮ್ಕ ಸೇರ್ಸು."

ಸೇರಿಸಿದೆ. ಜೀರಹಳ್ಳಿ ಗುಂಪಿನಲ್ಲಿ ಆ ಕಾರ್ಯಕರ್ತೆಯ ವಿಳಾಸದ ಪಕ್ಕ ದೊಡ್ಡಪ್ಪನ ವಿಳಾಸ ಹಾಕಿದೆ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಸಾಲಾಗಿ ಹಾಕುತ್ತೇವೆ. ಅವರು ಬರಲಿ ಬಿಡಲಿ, ಹೆಸರು ಇರಬೇಕು. ಇದೂ ಹಾಗೇ ಒಂದು ಗೌರವದ ಹೆಸರು, ಓದುವವರ ಹೆಸರಲ್ಲ ಅಂದುಕೊಂಡೆ. ಮಾರನೇ ದಿನ ಜೀರಹಳ್ಳಿ ಕಾಗದ ಹೊರಡಲೇ ಇಲ್ಲ. ಗುಂಪಿನಲ್ಲಿ ಒಬ್ಬರಿಗೆ ಬೀಗವಿಲ್ಲ ಎಂದು ಹಟ ಹಿಡಿದು ನಿಂತಿತು. ಮೂರು ದಿನದ ಫಲಿತಾಂಶ ಹಾಗೇ ಕೂತು ಡಾಕ್ಟರಮ್ಮನಿಂದ ಚೆನ್ನಾಗಿ ಉಗಿಸಿಕೊಂಡೆ. ಸಿಟ್ಟಿನಲ್ಲೇ ಇನ್ನೊಂದು ಸಾಲು ಸೇರಿಸಿದೆ: ಯಾರಿಗಾದರೂ ಬೀಗ ಇಲ್ಲದಿದ್ದರೆ ನಿಲ್ಲಬೇಡ, ಕಳಿಸಿಬಿಡು. ಕಾಗದ ಹೊರಟಿತು. ಬೀಗವಿಲ್ಲದೆ ಹೇಗೆ ಹೊರಟಿತು ಎಂದು ಎಲ್ಲದಕ್ಕೂ ಅನುಮಾನ ಪಡುವ ನಾನು ಅವತ್ತು ಕೇಳಿಕೊಳ್ಳಲಿಲ್ಲ.

ಮಳೆಗಾಲ ಮುಗಿದ ಹೊತ್ತಿನಲ್ಲಿ ಒಬ್ಬರು ಆಸ್ಪತ್ರೆಗೆ ನುಗ್ಗಿ ಬಂದು ಮೇಜು ಗುದ್ದಿದರು. ಜೀರಹಳ್ಳಿ ಕಡೆಯ ನಮ್ಮ ಜನವೇ, ದೊಡ್ಡ ಕೋಸಿನ ಹೊಲದ ಮನೆಯವರು. ಅವರ ಮಗಳ ಕಫದಲ್ಲಿ ಕ್ಷಯ ಕಂಡಿತ್ತು. ಹುಡುಗಿಗೆ ಮಾತ್ರೆ ಶುರುವಾಗಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಅಷ್ಟರಲ್ಲಿ ಗಂಡಿನ ಕಡೆಯವರು ಚಾಮರಾಜನಗರದಿಂದ ಹೇಳಿಕಳಿಸಿದ್ದರು, ಸಂಬಂಧ ಬೇಡ ಅಂತ.

"ನಮ್ಮಟ್ಟಿಲಿ ನಾನು, ನನ್ನೆಡ್ತಿ, ಮಗ್ಳು, ಮೂರ್ ಜನಕ್ಕ ಬುಟ್ರ ಯಾರ್ಗೂ ಗೊತ್ತಿಲ್ಲ. ಅವ್ರ್ಗ ಎಂಗ್ ಗೊತ್ತಾಯ್ತು? ನಿಮ್ಮವ್ರೇ ಏಳವ್ರ!" ಅಂದರು. ಅಷ್ಟು ಎತ್ತರದ ಮನುಷ್ಯ ಬೆಂಚಿನ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಡಾಕ್ಟರಮ್ಮ ಬಾಗಿಲು ಹಾಕಿ ನನ್ನನ್ನು ಕರೆದರು. ಹುಡುಗಿಯ ಹೆಸರು ಗೊತ್ತಿದ್ದವರು ಲ್ಯಾಬಿನವರು, ಡಾಕ್ಟರಮ್ಮ, ನಾನು, ಜೀರಹಳ್ಳಿಯ ಕಾರ್ಯಕರ್ತೆ. ಲ್ಯಾಬಿನವರಿಗೆ ಇವರು ಯಾರೋ ಏನೋ. ಡಾಕ್ಟರಮ್ಮ ಹೇಳಿರುವುದಿಲ್ಲ. ನಾನು ಹೇಳಿಲ್ಲ, ಅದು ನನಗೆ ಗೊತ್ತು. ಉಳಿದವಳು ಒಬ್ಬಳೇ.

ಆಕೆ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಕೂಲಿ ಮಾಡುವ ಮನೆಯವಳು. ಅವರ ಬೀದಿಯಲ್ಲಿ ಹತ್ತನೇ ತರಗತಿ ಪಾಸಾದ ಮೊದಲ ಹೆಣ್ಣು. ಆಸ್ಪತ್ರೆಯೊಳಗೆ ನನ್ನನ್ನು ಸಾರ್ ಅನ್ನುತ್ತಿದ್ದಳು, ನಾನು ಅಕ್ಕ ಅನ್ನುತ್ತಿದ್ದೆ. ಆಸ್ಪತ್ರೆಯ ಗೇಟು ದಾಟಿದರೆ ನಾನು ಅವಳ ಬಾಯಲ್ಲಿ ಬುದ್ಧಿ, ಅಂದರೆ ಒಡೆಯ, ಆಗುತ್ತಿದ್ದೆ, ಅವಳು ಏನೂ ಆಗುತ್ತಿರಲಿಲ್ಲ. ಅವಳ ಅವ್ವ ಅದೇ ಕೋಸಿನ ಹೊಲದಲ್ಲಿ ವರ್ಷಗಟ್ಟಲೆ ಕಳೆ ಕಿತ್ತು ಸೊಂಟ ಹೋಗಿ ಮೂಲೆ ಹಿಡಿದಿದ್ದಳು. ಮಗಳ ಈ ಕೆಲಸದಲ್ಲೇ ಆ ಮನೆ ನಡೆಯಬೇಕು. ಹುಡುಗಿಗೆ ಮಾತ್ರೆ ಕೊಡಲು ಹೋದಾಗ ಅವಳನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು. ಆ ಹೊಟ್ಟೆಯುರಿಗೆ ಬಾಯಿಬಿಟ್ಟಿದ್ದಾಳೆ ಎಂದು ನಾನು ಒಳಗೊಳಗೇ ಕಥೆ ಕಟ್ಟಿದೆ. ಈಗ ನಾಚಿಕೆಯಿಂದಲೇ ಹೇಳುತ್ತೇನೆ, ಅವಳ ಬೀದಿಯೇ ನನಗೆ ಮೊದಲ ಸಾಕ್ಷಿಯಾಗಿತ್ತು. ಮಿಕ್ಕಿದ್ದನ್ನೆಲ್ಲ ಆಮೇಲೆ ಹುಡುಕಿ ಜೋಡಿಸಿದೆ.

ಹುಡುಕಿದವನಿಗೆ ಸಿಗದಿರುತ್ತದೆಯೇ? ಮೌಸ್ ಸ್ವಚ್ಛ ಮಾಡುವ ನೆಪದಲ್ಲಿ ಮೂರೂ ಉಪಕೇಂದ್ರಕ್ಕೆ ಹೋದೆ. ಕಂಪ್ಯೂಟರಿಗೆ ಏನೋ ಆಗಿದೆ, ನಿಮ್ಮ ಗುಟ್ಟಿನ ಮಾತು ಹೇಳಿ ನೋಡೋಣ ಅಂದೆ. ಹಾಸನೂರಿನವಳು ತಕ್ಷಣ ಹೇಳಿದಳು. ಅವಳ ಗಂಡನ ಹೆಸರು. ತಾಳಮಲೆಯವಳು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿದ್ದನ್ನು ತೋರಿಸಿದಳು. ಜೀರಹಳ್ಳಿಯವಳು ಮಾತ್ರ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಏಳಾಕಿಲ್ಲ ಸಾರ್. ಎತ್ತವ್ವ ಕೇಳುದ್ರೂ ಏಳ್ಬ್ಯಾಡ ಅಂತ ನೀವೇ ಅಲ್ವಾ ಅಂದದ್ದು?"

ನೋಡಿದಿರಾ, ಮುಚ್ಚಿಡುವುದಕ್ಕೆ ಏನೋ ಇದೆ ಅಂದುಕೊಂಡೆ! ನಾನು ಹೇಳಿಕೊಟ್ಟ ಪಾಠವನ್ನು ಮೂವರಲ್ಲಿ ಒಬ್ಬಳೇ ಕಲಿತಿದ್ದಳು, ಅವಳ ಮೇಲೆ ನನ್ನ ಕಣ್ಣು ಕೆಂಪಾಯಿತು. ತಿಂಗಳ ಮೀಟಿಂಗಿಗೆ ಅವಳು ತಾಳವಾಡಿಗೆ ಬಂದ ದಿನ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ಕೂತು ಅವಳು ಯಾರ ಜೊತೆ ಮಾತಾಡುತ್ತಾಳೆ ಎಂದು ಕಾದೆ. ಹೂವಿನ ಮೂಟೆ ಹೊತ್ತ ಒಬ್ಬ ಮುದುಕಿಯ ಜೊತೆ ಮಾತಾಡಿದಳು. ಬಳೆ ಅಂಗಡಿಯಲ್ಲಿ ನಿಂತಳು, ಕೊಳ್ಳಲಿಲ್ಲ. ಇದೂ ನನಗೆ ಸಂಶಯವೇ. ಕೊಳ್ಳದವಳು ಯಾಕೆ ನಿಂತಳು?

ಕೊನೆಗೆ ಒಂದು ಬೋನು ಇಟ್ಟೆ. ಡಾಕ್ಟರಮ್ಮನಿಗೂ ಆಗ ಹೇಳಲಿಲ್ಲ. ಮೂರು ಸುಳ್ಳು ಫಲಿತಾಂಶ ಬರೆದೆ, ಮೂರು ಬೇರೆ ಬೇರೆ ಹೆಂಗಸರ ಹೆಸರಿನಲ್ಲಿ. ಮೂರೂ ನಾನೇ ಹುಟ್ಟಿಸಿದ ಹೆಸರುಗಳು. ಜೀರಹಳ್ಳಿಗೆ ಕಳಿಸಿದ್ದರಲ್ಲಿ ಕಾಡಂಚಿನ ಪೋಡಿನವಳು, ಅಂದರೆ ಸೋಲಿಗರ ಹಾಡಿಯವಳು, ವಯಸ್ಸು ಇಪ್ಪತ್ತೆಂಟು, ಕಫದಲ್ಲಿ ಕ್ಷಯ ಬಲವಾಗಿದೆ, ತಕ್ಷಣ ಮಾತ್ರೆ ಶುರು ಮಾಡಬೇಕು ಎಂದು ಬರೆದೆ. ನಿಜದಂತೆ ಕಾಣಲಿ ಅಂತ ಎಳೆ ಮಗು ಇದೆ ಎಂದೂ ಸೇರಿಸಿದೆ. ಸಂಜೆ ಎಂದಿನಂತೆ ಗುಂಡಿ ಒತ್ತಿದೆ. ಮೂರು ಹೆಸರಲ್ಲಿ ಯಾವುದು ಊರಿನ ಬಾಯಿಗೆ ಬೀಳುತ್ತದೋ ಆ ಕಾಗದ ಪಡೆದವಳೇ ಕಳ್ಳಿ. ಇದಕ್ಕಿಂತ ಪಕ್ಕಾ ಸಾಕ್ಷಿ ಬೇಕೆ?

ಒಂದು ವಾರ ಕಳೆದಿರಬೇಕು. ಹಿಟ್ಟಿನ ಗಿರಣಿಯಿಂದ ಬಂದ ಅವ್ವ ರಾಗಿ ಹಿಟ್ಟಿನ ಚೀಲ ಇಳಿಸುತ್ತ ಕೇಳಿದಳು, "ಜೀರಳ್ಳಿ ತವ ಪೋಡ್ನಲ್ಲಿ ಯಾವಳ್ಗೋ ಕಫದ್ ಕಾಯ್ಲ ಭಾಳ ಜೋರಾಗದಂತಲ್ಲಾ? ಮಗ ಬ್ಯಾರ ಇದ್ದದಂತ, ಪಾಪ." ಹೆಸರನ್ನೂ ಹೇಳಿದಳು. ನಾನು ಹುಟ್ಟಿಸಿದ ಹೆಸರು ಅವ್ವನ ಬಾಯಲ್ಲಿ ಕೇಳಿ ನನಗೆ ಎಂಥ ಸಂತೋಷವಾಯಿತು ಅಂದರೆ, ಊಟ ಬಿಟ್ಟು ಆಸ್ಪತ್ರೆಗೆ ಓಡಿದೆ. ಮಿಕ್ಕ ಎರಡು ಹೆಸರುಗಳ ಸುದ್ದಿ ಎಲ್ಲೂ ಇರಲಿಲ್ಲ.

ಡಾಕ್ಟರಮ್ಮ ಎಲ್ಲ ಕೇಳಿ, ಸುಳ್ಳು ಹೆಸರು ಕಳಿಸಿದ್ದಕ್ಕೆ ಮೊದಲು ನನ್ನನ್ನೇ ಬೈದರು. ಆದರೆ ಸಾಕ್ಷಿ ಕಣ್ಣ ಮುಂದೆ ಇತ್ತು. ಮರುದಿನ ಅವಳನ್ನು ಕರೆಸಿದರು. ಹೆಸರು ಸುಳ್ಳು ಎಂದು ಅವಳಿಗೆ ಹೇಳುವುದು ಬೇಡ, ಮುಂದೆ ಇದೇ ಉಪಾಯ ಬೇಕಾಗಬಹುದು ಎಂದು ನಾನೇ ಹೇಳಿಕೊಟ್ಟಿದ್ದೆ.

"ನಾನು ಯಾರ್ಗೂ ಏಳ್ನಿಲ್ಲ ಡಾಕ್ಟ್ರಮ್ಮ. ಆ ಎಣ್ಮಗ್ಳ್ ವಿಚಾರನೂ ಏಳ್ನಿಲ್ಲ, ಈ ಪೋಡಿನವ್ಳ್ದೂ ಏಳ್ನಿಲ್ಲ" ಅಂದಳು. ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ, "ಆ ಪೋಡಿನೆಂಗ್ಸು ಅಂದ್ರಲ್ಲ, ಅವ್ಳು..." ಎಂದು ಏನೋ ಶುರು ಮಾಡಿದಳು.

"ಅದೇ, ಅವಳ ವಿಷಯಕ್ಕೇ ನಿಮ್ಮನ್ನು ಕರೆಸಿರುವುದು" ಎಂದು ನಾನು ಬಾಯಿ ಮುಚ್ಚಿಸಿದೆ. ಆ ಹೊತ್ತಿಗೆ ನಾನು ದೊಡ್ಡ ಪತ್ತೇದಾರ.

ಅವಳು ಉಪಕೇಂದ್ರದ ಕೀಗೊಂಚಲನ್ನೂ ಮಾತ್ರೆಯ ಡಬ್ಬಿಯನ್ನೂ ಮೇಜಿನ ಮೇಲಿಟ್ಟಳು. ಡಬ್ಬಿಯ ಮುಚ್ಚಳ ತೆಗೆದು ಯಾರದು ಎಷ್ಟು ದಿನದ್ದು ಉಳಿದಿದೆ ಎಂದು ಡಾಕ್ಟರಮ್ಮನಿಗೆ ಒಂದೊಂದಾಗಿ ತೋರಿಸಿದಳು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಬಸ್ಸಿಗೆ ಹೊತ್ತಿದ್ದರೂ ಕಾಯದೆ ರಸ್ತೆ ಹಿಡಿದು ನಡೆದಳು. ಅವತ್ತು ಮಧ್ಯಾಹ್ನ ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಹನ್ನೊಂದು ದಿನ ಕಳೆಯಿತು. ಆನೆ ಕಂಬ ಬೀಳಿಸಿ ನಮ್ಮ ಆಸ್ಪತ್ರೆಯ ಫೋನ್ ಲೈನು ಸತ್ತುಹೋಯಿತು. ಲ್ಯಾಬಿನ ಕಾಗದ ನೋಡಲೇಬೇಕಿತ್ತು. ಬ್ರೌಸಿಂಗ್ ಸೆಂಟರಿಗೆ ಹೋದೆ. ದೊಡ್ಡಪ್ಪನ ಅಳಿಯ ಯಾರದೋ ಜಮೀನಿನ ಪಟ್ಟಾ ಜೆರಾಕ್ಸ್ ಮಾಡುತ್ತಿದ್ದ. ಕೌಂಟರಿನ ಮೇಲೆ ಪ್ರಿಂಟ್ ತೆಗೆದ ಹಾಳೆಗಳ ಒಂದು ಕಟ್ಟು, ಹಾರದ ಹಾಗೆ ಅದರ ಮೇಲೆ ಹಳೇ ತೂಕದ ಕಲ್ಲು. ಮೇಲಿನ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಮಾವ' ಎಂದು ಬರೆದಿತ್ತು. ಅದರ ಕೆಳಗೆ ಅಚ್ಚಾಗಿದ್ದದ್ದು ನಾನು ಹುಟ್ಟಿಸಿದ ಆ ಪೋಡಿನ ಹೆಂಗಸಿನ ಹೆಸರು, ವಯಸ್ಸು, ಎಳೆ ಮಗು.

"ಇದೇನಿದು?" ಅಂದೆ.

"ಮಾವನ್ ಕಾಗ್ದ. ನೀವೇ ಅಲ್ವಾ ಕಳ್ಸಾದು? ಸಂತ ದಿನ ಬಂದು ಕೇಳ್ತರ. ಅವ್ರ್ಗ ಇಂಗ್ಲೀಷ್ ಬರದಿಲ್ವಲ್ಲ, ಇಲ್ಲಿ ಯಾರಾರ ಓದ್ದೋರು ಕುಂತಿದ್ರ ಗಟ್ಟಿಯಾಗಿ ಓದ್ಸ್ಕತರ."

ಇಷ್ಟಾದರೂ ನನ್ನ ಬುದ್ಧಿ ಎಲ್ಲಿಗೆ ಓಡಿತು ಅಂತೀರಿ? ಇವನು ನನ್ನ ಬೀಗ ಒಡೆದಿದ್ದಾನೆ! ಅವನ ಮುಖವನ್ನೇ ದಿಟ್ಟಿಸಿದೆ. ಪಾಪ, ಅವನು ಜೆರಾಕ್ಸ್ ಯಂತ್ರದಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುತ್ತಿದ್ದ. ಕಟ್ಟನ್ನು ಕೆಳಗಿನವರೆಗೆ ತಿರುವಿದೆ. ಕೋಸಿನ ಹೊಲದವರ ಮಗಳ ಫಲಿತಾಂಶ ಇತ್ತು. ಅದಕ್ಕಿಂತ ಹಿಂದಿನ ಆರೇಳು ಜನರದ್ದೂ ಇತ್ತು, ಎಲ್ಲ ಬಿಡಿಸಿದ ಬಾಳೆಹಣ್ಣಿನಂತೆ. ದೊಡ್ಡಪ್ಪನಿಗೆ ಅವು ಏನೆಂದೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ತನಗೆ ಬರಬೇಕಾದ ಕಾಗದ ಬರುತ್ತಿದೆ, ಅಷ್ಟು ಸಾಕು ಅವರಿಗೆ. ಆದರೆ ಸಂತೆ ದಿನ ಆ ಅಂಗಡಿಯಲ್ಲಿ ಅರ್ಧ ಬೆಟ್ಟವೇ ಕಾದು ಕೂತಿರುತ್ತದೆ, ಗಡಿಯಾಚೆ ಚಾಮರಾಜನಗರದ ವ್ಯಾಪಾರದವರೂ ಸೇರಿ.

ಕಟ್ಟನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದು ನನ್ನ ಸ್ಕ್ರಿಪ್ಟ್ ತೆರೆದೆ. ಒಂದೇ ಕಾಗದ, ಇಬ್ಬರಿಗೆ. ಇಬ್ಬರಲ್ಲಿ ಒಬ್ಬರಿಗೆ ಬೀಗವಿಲ್ಲ. ಬೀಗವಿಲ್ಲದಿದ್ದರೆ ನಿಲ್ಲಬೇಡ, ಕಳಿಸಿಬಿಡು. ಇಬ್ಬರಿಗೂ ತೆರೆದೇ ಹೋಗಿತ್ತು, ಆ ಸಾಲು ಬರೆದ ದಿನದಿಂದಲೂ. ಕೀ ಕೇಳದೆ ಕಾಗದ ತೆರೆದುಕೊಂಡರೆ ಅದೂ ನನ್ನದೇ ಏರ್ಪಾಡು ಅಂದುಕೊಂಡಿರಬೇಕು ಅವಳು. ನನ್ನ ಬೋನು ಹೋದದ್ದೂ ಅದೇ ದಾರಿಯಲ್ಲಿ. ಮೂರು ಗುಂಪಿನಲ್ಲಿ ದೊಡ್ಡಪ್ಪ ಇದ್ದದ್ದು ಒಂದರಲ್ಲೇ, ಅದಕ್ಕೇ ಜೀರಹಳ್ಳಿಗೆ ಕಳಿಸಿದ ಹೆಸರೊಂದೇ ಹೊರಬಿದ್ದದ್ದು. ಯಾರನ್ನೂ ನಂಬದವನು ಕೂತು ಎಲ್ಲರ ಮೇಲೂ ಕಣ್ಣಿಟ್ಟಿದ್ದೆ, ನಾನು ಬರೆದದ್ದನ್ನು ಮಾತ್ರ ಒಂದು ಸಲವೂ ತಿರುಗಿ ಓದಿರಲಿಲ್ಲ.

ಎರಡು ಸಾಲು ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬರಲಿಲ್ಲ ಅಂದರೆ ಸುಳ್ಳು. ಬಂತು. ಎರಡು ದಿನ ಜೊತೆಯಲ್ಲೇ ಇತ್ತು. ಕೆಲಸ ಹೋದವಳು, ಮೂಲೆಯಲ್ಲಿ ಕೂತ ಅವಳ ಅವ್ವ, ಇವರು ಕಣ್ಣ ಮುಂದೆ ಬಂದಾಗಲೆಲ್ಲ ಬೇರೆ ಏನನ್ನೋ ನೋಡುತ್ತಿದ್ದೆ. ಮೂರನೇ ದಿನ ಬೆಳಿಗ್ಗೆ ಆ ಕಟ್ಟನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈಯಲಿಲ್ಲ. "ನಾನು ಅಲ್ಲ, ನೀನು ಪೋಗಿ ಅವಳಿಗೆ ಹೇಳು. ಇವತ್ತೇ" ಅಂದರು.

ಜೀರಹಳ್ಳಿಯಲ್ಲಿ ಇಳಿದು, ಹುಟ್ಟಿದಾರಭ್ಯ ಕಾಲಿಡದ ಆ ಬೀದಿಗೆ ಹೋದೆ. ಅವಳ ಅವ್ವ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಏಳಲು ಹೋಗಿ ಸೊಂಟ ಹಿಡಿದುಕೊಂಡಳು. ಬಾಯಾರಿತ್ತು. ಅವಳು ನೀರು ಕೊಡಲೇ ಎಂದು ಕೇಳಲಿಲ್ಲ, ನಾನೂ ಕೇಳಲಿಲ್ಲ.

"ಮಗ್ಳು ಪೋಡಿನ್ ಕಡೀಕ್ ಓದ್ಲು ಬುದ್ಧಿ. ದಿನಾ ಓಯ್ತಳ. ಕೆಲ್ಸ ಬುಡ್ಸುದ್ಮೇಲೂ ಅದೇನ್ ಓಗದೋ ನಾ ಕಾಣೆ. ಅಲ್ಲಿ ಆನ ಅವ ಅಂದ್ರೂ ಕೇಳಾಕಿಲ್ಲ" ಅಂದಳು.

ಆನೆ ಬಾರದಂತೆ ತೋಡಿದ್ದ ಕಂದಕದ ಪಕ್ಕದ ದಾರಿಯಲ್ಲಿ ಅರ್ಧ ಗಂಟೆ ನಡೆದೆ. ಅವಳು ಎದುರಿಗೆ ಬಂದಳು. ಕಾಲೆಲ್ಲ ಕೆಂಪು ಧೂಳು, ಕೈಯಲ್ಲಿ ಒಂದು ಬಟ್ಟೆ ಚೀಲ. ನನ್ನನ್ನು ನೋಡಿ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. ನಾನು ಮಾತು ಶುರು ಮಾಡುವ ಮೊದಲೇ ಅವಳೇ ಕೇಳಿದಳು.

"ಆ ಎಂಗ್ಸು ನಿಮ್ಗೇನಾರ ಸಿಕ್ಕುದ್ಲಾ ಬುದ್ಧಿ? ಅವತ್ತು ಡಾಕ್ಟ್ರಮ್ಮನ್ಗ ನಾನು ಅದೇ ಏಳಾಕ್ ಬಂದಿ. ನಾಕ್ ಪೋಡ್ನಲ್ಲೂ ಕೇಳ್ದಿ. ಕಾಯ್ಲ ಅಂತ ಏಳ್ನಿಲ್ಲ, ಮಗೀಗ ಪೋಲಿಯೋ ಅನಿ ಆಕ್ಬೇಕು ಅಂತ ಕೇಳ್ದಿ. ಅಂತೋಳು ಯಾರೂ ಇಲ್ಲ ಅಂತರ. ಮಾತ್ರ ಸುರು ಮಾಡ್ದೇ ಓದ್ರ ಅವ್ಳೂ ಉಳಿಯಾಕಿಲ್ಲ, ಮಗಾನೂ ಉಳಿಯಾಕಿಲ್ಲ."

ನಿಂತಲ್ಲೇ ಎಲ್ಲ ಹೇಳಿದೆ, ದೊಡ್ಡಪ್ಪನ ವಿಳಾಸ, ಅಂಗಡಿಯ ಹಾಳೆ, ನನ್ನ ಸಾಲು, ಎಲ್ಲ. ನಿಮ್ಮದೇನೂ ತಪ್ಪಿಲ್ಲಕ್ಕ ಅಂದೆ. ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಅಂಗಾದ್ರ ಆ ಎಂಗ್ಸು?"

"ಆ ಹೆಂಗಸು ಇಲ್ಲ. ನಾನೇ ಬರೆದ ಹೆಸರು ಅದು. ನಿಮ್ಮನ್ನು ಹಿಡಿಯೋದಕ್ಕೆ."

"ಮಗ?"

"ಮಗುವೂ ಇಲ್ಲ."

ಅವಳು ಕಂದಕದ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟಳು. "ಸದ್ಯ" ಅಂದಳು ಮೊದಲು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ನಮ್ಮ ಕಡೆಯವರ ಮುಖವನ್ನು ಅವರ ಬೀದಿಯವರು ಹಾಗೆ ನೇರ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ನನ್ ಮ್ಯಾಲ ಅನ್ಮಾನ ಬಂದ್ರ ನನ್ನೇ ಒಂದ್ ಮಾತ ಕೇಳ್ಬೋದಾಗಿತ್ತಲ್ಲ? ಸಾಯಂಗಿರೋಳ್ನ ಹುಟ್ಸಿ ನನ್ನ ಕಾಡ್ಗ ಅಟ್ಟುದ್ರಲ್ಲ ನೀವು! ಮೂರ್ ವಾರ ಕಣ್ಗ್ ನಿದ್ದ ಅತ್ನಿಲ್ಲ ನನ್ಗ."

ಅವಳು ಸೋಮವಾರ ಕೆಲಸಕ್ಕೆ ಬಂದಳು. ನನಗೋಸ್ಕರ ಅಲ್ಲ, ಅವಳಿಲ್ಲದೆ ಜೀರಹಳ್ಳಿ ಕಡೆಯ ನಾಲ್ಕು ಜನಕ್ಕೆ ಮಾತ್ರೆ ತಪ್ಪಿತ್ತು. ಡಾಕ್ಟರಮ್ಮ ಎಲ್ಲರೆದುರು ಅವಳ ಕ್ಷಮೆ ಕೇಳಿದರು, ನನ್ನಿಂದಲೂ ಕೇಳಿಸಿದರು. ಕೋಸಿನ ಹೊಲದವರ ಮನೆಗೂ ನಾನೇ ಹೋಗಿ ನಿಜ ಹೇಳಿ ಬಂದ ಮೇಲೆ ಅವರು ಅವಳ ಮೇಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಆ ಸಂಬಂಧ ಮಾತ್ರ ಮತ್ತೆ ಕೂಡಲಿಲ್ಲ. ಪಟ್ಟಿಯಿಂದ ಹೆಸರು ತೆಗೆದದ್ದಕ್ಕೆ ದೊಡ್ಡಪ್ಪ ವರ್ಷಗಟ್ಟಲೆ ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ. ಅಪ್ಪ ಅದನ್ನು ನನಗೆ ಇವತ್ತಿಗೂ ಎತ್ತಿ ಆಡುತ್ತಾನೆ.

ಇನ್ನೂ ಎರಡು ವರ್ಷ ನಾನು ಆ ಕುರ್ಚಿಯಲ್ಲಿದ್ದೆ. ಜೀರಹಳ್ಳಿಗೆ ಹೋಗುವ ಪ್ರತಿ ಫಲಿತಾಂಶಕ್ಕೂ ಬೀಗ ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ ಕಳಿಸುತ್ತಿದ್ದೆ. ಕಳಿಸಿದ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಫೋನು ಹೊಡೆದುಕೊಳ್ಳುತ್ತಿತ್ತು. ನಾನು ಎತ್ತಿದರೆ ಅವಳು ಮಾತಾಡುತ್ತಿರಲಿಲ್ಲ. ಡಾಕ್ಟರಮ್ಮನಿಗೆ ಕೊಡಿ ಅನ್ನುತ್ತಿದ್ದಳು, ಅಷ್ಟೆ. ಡಾಕ್ಟರಮ್ಮ ಫೋನು ಕಿವಿಗಿಟ್ಟುಕೊಂಡು, ನನ್ನ ಕಡೆ ಒಂದು ಸಲ ನೋಡಿ, "ಇದ್ದಾರಮ್ಮ. ನಿಜವಾಗಿಯೂ ಇದ್ದಾರೆ. ನೀನು ಹೊರಡು" ಅನ್ನುತ್ತಿದ್ದರು.